ಐದು ಟ್ರ್ಯಾಕ್ಟರಿನ ವ್ರತ

ಟ್ರ್ಯಾಕ್ಟರ್ ಮಾರುವ ನನ್ನಂಥವನಿಗೆ ಸಂತೃಪ್ತ ಮನುಷ್ಯನಷ್ಟು ದೊಡ್ಡ ಶತ್ರು ಇನ್ನೊಬ್ಬನಿಲ್ಲ. ಐಗಳಿಯ ದ್ರಾಕ್ಷಿ ಸಾವ್ಕಾರರು ಚಹಾ ಕೊಟ್ಟು, "ನಾ ಪರಿಗ್ರಹ ಪರಿಮಾಣದ ವ್ರತ ತಗೊಂಡೀನ್ರಿ" ಅಂದಾಗ ಬಿಚ್ಚಿದ್ದ ಕ್ಯಾಟಲಾಗು ಮಡಚಿದೆ. ಇಂತಿಷ್ಟೇ ಆಸ್ತಿ ಸಾಕು ಅಂತ ಮುನಿಗಳ ಮುಂದೆ ಮಿತಿ ಹಾಕಿಕೊಳ್ಳುವ ಜೈನರ ವ್ರತ ಅದು. ನನಗೋ, ಈ ತಿಂಗಳೂ ಒಂದು ಮಾರದಿದ್ದರೆ ಕೆಲಸಕ್ಕೇ ಸಂಚಕಾರ.

ಬ್ಯಾಗು ಮುಚ್ಚುತ್ತ ಸುಮ್ಮನೆ ಕೇಳಿದೆ: "ಟ್ರ್ಯಾಕ್ಟರಿಗೂ ಮಿತಿ ಐತೇನ್ರಿ ಸಾವ್ಕಾರ್ರ?"

"ಐತ್ರಿ. ಐದರ ಮ್ಯಾಲ ಒಂದೂ ಮುಟ್ಟೂದಿಲ್ಲ."

"ಈಗ ಎಷ್ಟ ಅದಾವ್ರಿ?"

"ಎರಡು. ಇನ್ನ ಮೂರು ತಗೋಬೇಕಲ್ರಿ? ವ್ರತ ಅರ್ಧಕ್ಕ ಬಿಟ್ರ ಪಾಪ ಬರತೈತಿ."

ಒಳಗಿಂದ ಅವರ ಹೆಂಡತಿ ಕೂಗಿದರು: "ಹೊಡ್ಯಾಕ ಒಬ್ಬ ಡ್ರೈವರ್ ಇಲ್ಲ. ಇದ್ದ ಎರಡೂ ಅಂಗಳದಾಗ ತುಕ್ಕ ಹಿಡ್ಯಾಕತ್ತಾವ!"

"ಧರ್ಮದ ವಿಷಯದಾಗ ನೀ ಬಾಯಿ ಹಾಕಬ್ಯಾಡ," ಅಂದರು ಸಾವ್ಕಾರರು.

ನಾನೂ ಭಕ್ತಿಯಿಂದ ತಲೆಯಾಡಿಸಿ ಬ್ಯಾಗು ಬಿಚ್ಚಿದೆ. ಅವತ್ತೇ ಮೂರನೆಯದರ ಬುಕ್ಕಿಂಗ್ ಆಯ್ತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಸಾವ್ಕಾರರನ್ನು ಬೈದುಕೊಂಡೆ. ಜಿಪುಣ ಮನುಷ್ಯ, ಹತ್ತರ ವ್ರತ ತಗೊಂಡಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು?