ಬಾಣಂತಿಯ ಅಳತೆ

ಹುಮನಾಬಾದಿನಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಬಾಣಂತಿಯರ ಅಳತೆಗೆ ಮಾತ್ರ ನಾನೇ ಅವರ ಮನೆಗೆ ಹೋಗುತ್ತೇನೆ. ಘಾಟಬೋರಾಳದ ಒಂದು ಮನೆಯಲ್ಲಿ ಬಾಣಂತಿ ಮಗಳನ್ನು ಗಂಡನ ಮನೆಗೆ ಕಳಿಸಲು ಹೊಸ ಜಂಪರ್ ಬೇಕಿತ್ತು. ಅಳತೆಗೆಂದು ತಾಯಿ ಬಾಗಿಲು ಮುಚ್ಚಿ ಹೊರಗೆ ಹೋದದ್ದೇ ತಡ, ಹುಡುಗಿ ಬಿಕ್ಕಿದಳು.

"ಅಕ್ಕಾ, ಬರೇ ಅಳು ಬರಾಕತ್ತದ. ಕೂಸಿನ ಮ್ಯಾಲ ಮಾಯಾನೇ ಬರವಲ್ದು."

ನಾನು ಹೊರಗೆ ಬಂದು, "ಆಕೀನ್ನ ದವಾಖಾನಿಗೆ ತೋರಸ್ರಿ," ಎಂದೆ.

"ಗಾಳಿ ಸೋಕ್ಯಾದ, ತಾಯತ ಕಟ್ಟೀವಿ," ಎಂದರು ತಾಯಿ.

"ನನಗೂ ಹಿಂಗ ಆಗಿತ್ರಿ. ಡಾಕ್ಟರ್ ಗುಳಿಗಿ ಕೊಟ್ಟಮ್ಯಾಲೇ ಆರಾಮಾತು. ತೋರಸೂತನಕ ಜಂಪರ್ ಹೊಲಿಯಾಂಗಿಲ್ಲ!"

"ಎಂಥಾ ಹಟಮಾರಿ ಅದಿಯವ್ವಾ!" ಎಂದು ಬೈಯುತ್ತಲೇ ಮರುದಿನ ಮಗಳನ್ನು ದವಾಖಾನೆಗೆ ಕರೆದೊಯ್ದರು. ನಾನೂ ಜಂಪರ್ ಹೊಲಿದುಕೊಟ್ಟೆ.

ಮೂರು ತಿಂಗಳ ಮೇಲೆ ಹುಡುಗಿ ಕೂಸನ್ನೆತ್ತಿಕೊಂಡು ಅಂಗಡಿಗೆ ಬಂದಳು.

"ತೋಳು ಬಿಗಿ ಮಾಡೀರಿ. ಇದೇನ್ ಹೊಲಿಗ್ರೀ ಅಕ್ಕಾ!" ಎಂದು ಜಗಳ ತೆಗೆದಳು, ನಡುನಡುವೆ ಕೂಸಿಗೆ ಮುತ್ತು ಕೊಟ್ಟಳು.

ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕಿದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಅಂದು ಮಾತ್ರ ನಗುತ್ತ ಬಿಚ್ಚಿ ಹೊಲಿದುಕೊಟ್ಟೆ. ಆದರೂ ಹೇಳುತ್ತೇನೆ, ನಾನು ಮೊದಲು ಹೊಲಿದಾಗಲೂ ತೋಳು ಬಿಗಿ ಇರಲಿಲ್ಲ.