ಮರೆವ್ವನ ಮಷೀನಿನ ನಾಲ್ಕು ಸ್ಕ್ರೂ

ಹುನಗುಂದದ ಬಸ್ ನಿಲ್ದಾಣದ ಎದುರು ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದ ಯಮನಪ್ಪನಿಗೆ ತಲೆಯಲ್ಲಿ ಒಂದೇ ಸೀಳಿರುವ ಮೈನಸ್ ಸ್ಕ್ರೂ ಎಂದರೆ ಮೈಯೆಲ್ಲ ಉರಿ. ಹದಿನೇಳನೇ ವಯಸ್ಸಿನಲ್ಲಿ ಗುಡೂರಿನ ಹಿಟ್ಟಿನ ಗಿರಣಿಯೊಂದರಲ್ಲಿ ಅಂಥದ್ದೊಂದನ್ನು ಬಿಚ್ಚುವಾಗ ಸ್ಕ್ರೂಡ್ರೈವರ್ ಸೀಳಿನಿಂದ ಜಾರಿ ಅವನ ಎಡ ಅಂಗೈಯಲ್ಲಿ ಎಲುಬು ಮುಟ್ಟುವವರೆಗೂ ಇಳಿದಿತ್ತು. ಆಮೇಲೆ ಯಾವ ಮಷೀನು ಕೈಗೆ ಬಂದರೂ ಹಳೆಯವನ್ನು ಕಿತ್ತೆಸೆದು ತಲೆಯಲ್ಲಿ ನಕ್ಷತ್ರದಂಥ ಕುಳಿಯಿರುವ ಸ್ಟಾರ್ ಸ್ಕ್ರೂ ಹಾಕುವುದೇ ಅವನ ಪದ್ಧತಿಯಾಯಿತು.

"ಇದರಾಗ ಡ್ರೈವರ್ ನಟ್ಟನಡುವ ಕುಂದರತೈತ್ರಿ, ಜಾರೂದಿಲ್ಲ," ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ತಲೆಯೊಳಗೆ ಆರು ಮೂಲೆಯ ಕುಳಿಯಿರುವ ಅಲೆನ್ ಬೋಲ್ಟು ಇನ್ನೂ ಗಟ್ಟಿ ಎಂಬುದು ಅವನಿಗೆ ಗೊತ್ತಿತ್ತು. ಆದರೆ ಬೇಕೆಂದಾಗ ಅದನ್ನು ಬಿಚ್ಚುವ ಕೀ ಯಾರ ಬಳಿಯೂ ಸಿಗುವುದಿಲ್ಲ ಎಂಬುದು ಅವನ ತಕರಾರು.

ನಾಲ್ಕು ಅಂಗಡಿ ಆಚೆ ಮರೆವ್ವ ಎಂಬವಳು ತನ್ನ ತಮ್ಮ ಧರ್ಮರಾಜನನ್ನು ಜೊತೆಗಿಟ್ಟುಕೊಂಡು ಕಬ್ಬಿನ ಹಾಲು ಮಾರುತ್ತಿದ್ದಳು. ಹೋದ ಬೇಸಿಗೆಯಲ್ಲಿ ಅವಳ ಮಷೀನಿನ ಹಲ್ಲುಗಾಲಿಗಳನ್ನು ಮುಚ್ಚುವ ತಗಡಿಗೆ ನಾಲ್ಕು ಸ್ಟಾರ್ ಸ್ಕ್ರೂ ಬಿಗಿದವನು ಯಮನಪ್ಪನೇ. ಕರೆಂಟಿನ ಡ್ರೈವರ್ ಹಿಡಿದು ಅವಸರದಲ್ಲಿ ಒತ್ತುವಾಗ ಎರಡರ ತಲೆಗಳು ಗರ್ರೆಂದು ಸವೆದವು. ಕಣ್ಣಿಗೆ ಬಿದ್ದರೂ ಬದಲಿಸಲಿಲ್ಲ. ಗಟ್ಟಿಯಾಗಿ ಕೂತಿವೆಯಲ್ಲ, ಸಾಕು ಎಂದುಕೊಂಡು ಎದ್ದುಬಂದ.

ಈ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಮರೆವ್ವನ ಚೀರು ಇಡೀ ಸಾಲಿಗೆ ಕೇಳಿಸಿತು. ಯಮನಪ್ಪ ಸಾಮಾನಿನ ಪೆಟ್ಟಿಗೆ ಹಿಡಿದು ಓಡಿಹೋದಾಗ ಅವಳ ಬಲಗೈ ಮಣಿಕಟ್ಟಿನವರೆಗೆ ಎರಡು ರೋಲರುಗಳ ನಡುವೆ ಹೋಗಿತ್ತು. ಹಾಲು ಸೋಸುವ ಜರಡಿಯಲ್ಲಿ ರಕ್ತವೂ ಹಸಿರು ಬಳೆಯ ಚೂರುಗಳೂ ಬಿದ್ದಿದ್ದವು. ಧರ್ಮರಾಜ ಮೋಟರ್ ಬಂದ್ ಮಾಡಿ ದೊಡ್ಡ ಗಾಲಿಯನ್ನು ಹಿಂದಕ್ಕೆ ತಿರುಗಿಸಲು ಜೋತುಬಿದ್ದಿದ್ದ. ಗಾಲಿ ಅಲುಗಲಿಲ್ಲ.

"ಒಳಗ ಹಲ್ಲು ಮುರದು ಸಿಕ್ಕೊಂಡೈತಿ. ಮುಚ್ಚಳ ತೆಗೀಬೇಕು," ಎಂದ ಯಮನಪ್ಪ.

ಮೊದಲ ಎರಡು ಸ್ಕ್ರೂ ಬಂದವು. ಮೂರನೆಯದರ ತಲೆಯಲ್ಲಿ ನಕ್ಷತ್ರವೇ ಇರಲಿಲ್ಲ, ದುಂಡನೆಯ ಕುಳಿಯಷ್ಟೇ. ಡ್ರೈವರ್ ಸುಮ್ಮನೆ ಗಿರ್ರನೆ ತಿರುಗಿತು. ಮೈಭಾರವೆಲ್ಲ ಹಾಕಿ ಒತ್ತಿದ. ಮತ್ತೆ ತಿರುಗಿತು.

"ಯಮನಪ್ಪಣ್ಣಾ, ಕೈ ಕಡದಬಿಡೋ," ಮರೆವ್ವ ನರಳಿದಳು. "ತಡಕೊಳ್ಳಾಕ ಆಗವಲ್ದು."

ಧರ್ಮರಾಜ ಹಿಂದಿನಿಂದ ಅವನ ಕುತ್ತಿಗೆ ಹಿಡಿದು ಮಷೀನಿಗೆ ಮುಖ ಜಜ್ಜಿದ. "ಈ ಸ್ಕ್ರೂ ಹಾಕಿದಾಂವ ನೀನ ಅಲ್ಲೇನಲೇ, ಯಮನ್ಯಾ! ಬಿಚ್ಚು!"

ಯಮನಪ್ಪನ ಮೂಗಿನಿಂದ ರಕ್ತ ಇಳಿಯಿತು. ಒರೆಸಿಕೊಳ್ಳಲಿಲ್ಲ. ಪೆಟ್ಟಿಗೆಯಿಂದ ಗರಗಸದ ಬ್ಲೇಡು ತೆಗೆದು ಸ್ಕ್ರೂವಿನ ತಲೆಯ ಮೇಲೆ ಅಡ್ಡಲಾಗಿ ಎಳೆಯತೊಡಗಿದ. ಅದರ ಒಂದೊಂದು ಎಳೆತವೂ ಮಷೀನಿನ ಮೂಲಕ ಕೈಗೆ ತಾಗಿ ಮರೆವ್ವ ಕೂಗುತ್ತಿದ್ದಳು. ದುಂಡನೆಯ ಕುಳಿಯ ಮೇಲೆ ಸೀಳು ಮೂಡಿತು. ಇಪ್ಪತ್ತೊಂಬತ್ತು ವರ್ಷ ಬೈದುಕೊಂಡು ಬಂದ ಆ ಸೀಳಿನಲ್ಲಿ ಚಪ್ಪಟೆ ಡ್ರೈವರ್ ಇಟ್ಟು ತಿರುವಿದ. ಸ್ಕ್ರೂ ಕಿರುಗುಟ್ಟಿ ಸಡಿಲವಾಯಿತು.

ನಾಲ್ಕನೆಯದಕ್ಕೆ ಬ್ಲೇಡು ಹಿಡಿಯುವಷ್ಟು ಜಾಗವಿರಲಿಲ್ಲ. ಕಬ್ಬಿಣ ಕತ್ತರಿಸುವ ಚಾಣ ಇಟ್ಟು ಸುತ್ತಿಗೆಯಿಂದ ಬಡಿದ. ಎರಡನೇ ಏಟಿಗೆ ಚಾಣ ಜಾರಿ ಅವನ ಹೆಬ್ಬೆರಳನ್ನು ಉಗುರಿನ ಸಮೇತ ಸೀಳಿತು. ಅದೇ ಕೈಯಿಂದ ಮತ್ತೆ ಚಾಣ ಹಿಡಿದ. ಐದನೇ ಏಟಿಗೆ ಸ್ಕ್ರೂವಿನ ತಲೆ ಹಾರಿತು. ತಗಡು ಕಿತ್ತು, ಮುರಿದ ಹಲ್ಲನ್ನು ಇಕ್ಕಳದಿಂದ ಎಳೆದುಹಾಕಿದ. ಇಬ್ಬರೂ ಸೇರಿ ಗಾಲಿಯನ್ನು ಹಿಂದಕ್ಕೆ ತಿರುಗಿಸಿದರು. ಕೈ ಹೊರಬಂದದ್ದನ್ನು ನೋಡಲಾರದೆ ಸುತ್ತ ನಿಂತವರು ಮುಖ ತಿರುಗಿಸಿದರು.

ಬಾಗಲಕೋಟೆಯ ದವಾಖಾನೆಯಲ್ಲಿ ಮರೆವ್ವನ ಎರಡು ಬೆರಳು ತೆಗೆದರು.

ಮರುದಿನ ಸಂಜೆ ಧರ್ಮರಾಜ ಅದೇ ರಕ್ತದ ಅಂಗಿಯಲ್ಲಿ ಯಮನಪ್ಪನ ಅಂಗಡಿಗೆ ಬಂದ. "ತಲಿ ಸವದಾವಂತ ನಿನಗ ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು," ಎಂದ ಯಮನಪ್ಪ.

ಬಾಗಿಲಲ್ಲೇ ಬಿದ್ದಿದ್ದ, ಬೋಲ್ಟು ತಿರುವುವ ದೊಡ್ಡ ಪಾನಾ ಎತ್ತಿ ಧರ್ಮರಾಜ ಅವನ ದವಡೆಗೆ ಬೀಸಿದ. ಮೂರು ಹಲ್ಲು ಉದುರಿದವು, ದವಡೆ ಮುರಿಯಿತು. ಬಿದ್ದವನ ಪಕ್ಕೆಗೆ ಒದ್ದ. ಅಕ್ಕಪಕ್ಕದವರು ಎಳೆದು ಬಿಡಿಸುವವರೆಗೂ ಯಮನಪ್ಪ ಕೈ ಎತ್ತಲಿಲ್ಲ. ಪೊಲೀಸರು ಕೇಳಿದಾಗ, ದವಾಖಾನೆಯಲ್ಲಿ ದವಡೆಗೆ ತಂತಿ ಕಟ್ಟಿದ್ದ ಬಾಯಿಂದ ಮಾತು ಹೊರಡದೆ, ಮೆಟ್ಟಿಲಿನಿಂದ ಬಿದ್ದೆ ಎಂದು ಕಾಗದದ ಮೇಲೆ ಬರೆದುಕೊಟ್ಟ.

ಎರಡು ತಿಂಗಳ ಮೇಲೆ ಮರೆವ್ವ ಬಂದು ಅಂಗಡಿಯ ಮುಂದೆ ನಿಂತಳು. ಕೈ ಸೆರಗಿನೊಳಗಿತ್ತು.

"ಮಷೀನ್ ಚಾಲೂ ಮಾಡಬೇಕು, ಬಾ."

"ಧರ್ಮರಾಜ ಏನಂತಾನವ್ವಾ?"

"ಮಷೀನ್ ನಂದೈತಿ," ಎಂದಳು. "ನಿನ್ನ ಮ್ಯಾಲೆ ನಂಗೂ ಸಿಟ್ಟೈತಿ. ಆದರ ಆ ಮಷೀನಿನ ಹೊಟ್ಟಿ ಬಲ್ಲಾಂವ ನೀ ಒಬ್ಬನ ಅದಿ."

ಅವನು ಹೋಗಿ ಮುರಿದ ಹಲ್ಲುಗಾಲಿ ಬದಲಿಸಿ, ತಗಡಿಗೆ ಹೊಸದಾಗಿ ತೂತು ಹೊಡೆದು ಆರು ಮೂಲೆಯ ತಲೆಯ ಬೋಲ್ಟು ಹಾಕಿದ. ನೋಡಲು ಒಡ್ಡೊಡ್ಡಾಗಿ ಹೊರಗೆ ಚಾಚಿಕೊಂಡಿದ್ದವು, ಪಾನಾ ಹಾಕಿ ಹಿಡಿಯುವುದಕ್ಕೆ ಮಾತ್ರ ಅಂಥದ್ದು ಬೇರೆ ಇಲ್ಲ. ಹೊರಡಲು ಎದ್ದಾಗ ಮರೆವ್ವ ತಡೆದಳು. "ತಡಿ. ನಂಗ ಬಿಚ್ಚಾಕ ಬರಬೇಕು. ಈ ಕೈಲೇ."

ಉಳಿದ ಮೂರು ಬೆರಳಲ್ಲಿ ಪಾನಾ ಹಿಡಿದಳು. ಎರಡು ಸಲ ಕೈಯಿಂದ ಬಿತ್ತು. ಅವಳು ಬೈದದ್ದು ಯಾರಿಗೆಂದು ಯಮನಪ್ಪ ಕೇಳಲಿಲ್ಲ. ರಸ್ತೆಯ ಆಚೆ ಧರ್ಮರಾಜ ಇತ್ತ ಬೆನ್ನು ಮಾಡಿ ಕೂತು ಕಬ್ಬು ಹೆರೆಯುತ್ತಿದ್ದ. ಮೂರನೇ ಸಲ ಬೋಲ್ಟು ಸಡಿಲವಾಯಿತು. ಅವಳು ಅದನ್ನು ಪೂರ್ತಿ ಬಿಚ್ಚಿದಳು, ಮತ್ತೆ ಬಿಗಿದಳು, ಆಮೇಲೆ ಸ್ವಿಚ್ಚಿನ ಕಡೆ ನಡೆದಳು.