ಎಂಜಿನ್ನಿನ ಬಿಸಿನೀರು

ರೈಲು ಎಂಜಿನ್ನಿನ ಬಿಸಿನೀರಿನಲ್ಲಿ ನಾನು ಸ್ನಾನ ಮಾಡುತ್ತಿದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ನೆನಪಂತೂ ಇದೆ. ಉತ್ತರ ಭಾರತದ ಆ ಸಣ್ಣ ಊರು, ಜನವರಿಯ ಚಳಿ, ಅಮ್ಮನ ಕೈಯಲ್ಲಿ ಹಬೆಯಾಡುವ ಬಕೆಟ್, ಎಣ್ಣೆಯ ವಾಸನೆ. ಆದರೆ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದ ಮೇಲೆ ನಾನು ಮೊದಲು ಅನುಮಾನಿಸುವುದು ನನ್ನ ನೆನಪನ್ನೇ.

ಅಮ್ಮ ಅಲ್ಲಿನ ರೈಲ್ವೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ದೊಡ್ಡ ಹಳಿಯ ರೈಲು ಅಲ್ಲಿಗೆ ಮುಗಿದು ಸಣ್ಣ ಹಳಿಯದು ಶುರುವಾಗುತ್ತಿತ್ತು. ಜನ, ಮೂಟೆ, ಟಪಾಲು ಎಲ್ಲವೂ ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತಬೇಕು. ಊರು ಹುಟ್ಟಿದ್ದೇ ಅದರಿಂದ. ಕೂಲಿಗಳ ಸಾಲುಮನೆ, ಪೂರಿ ಅಂಗಡಿ, ಆಮೇಲೆ ಆಸ್ಪತ್ರೆ. ಸಣ್ಣ ಹಳಿ ಕಿತ್ತು ಅಗಲ ಮಾಡಿದ ಮೇಲೆ ಯಾರೂ ಇಳಿಯಬೇಕಾಗಲಿಲ್ಲ. ಅಂಗಡಿಗಳು ಒಂದೊಂದಾಗಿ ಹೆದ್ದಾರಿ ಬದಿಗೆ ಹೋದವು.

ಇದನ್ನೆಲ್ಲ ಬರೆದು ಅಮ್ಮನ ಎಂಬತ್ತನೇ ಹುಟ್ಟುಹಬ್ಬಕ್ಕೆ ಓದುತ್ತೇನೆಂದು ಒಪ್ಪಿಕೊಂಡಿದ್ದೆ. ಕದ್ರಿಯಲ್ಲಿ ಅಕ್ಕನ ಮನೆಯ ಅಡುಗೆಮನೆಯಲ್ಲಿ ಕರಡು ಓದುವಾಗ ಬಕೆಟ್ಟಿನ ಸಂಗತಿ ಬಂದಾಗ ತಡೆ ಬಿತ್ತು.

"ಅದು ಸ್ಟವ್ವಿನ ನೀರು ಮಾರಾಯ. ನೀನು ಸಿನೆಮಾದಲ್ಲಿ ನೋಡಿದ್ದು," ಎಂದಳು ಅಕ್ಕ. "ಬಾಯ್ಲರಿನ ನೀರು ಮೈಗೆ ಹಾಕಿದ್ರೆ ಚರ್ಮ ಉಳೀತಿತ್ತಾ?"

"ಹಾಗಾದ್ರೆ ಎಣ್ಣೆ ವಾಸನೆ ಎಂತದ್ದು?"

"ಸೀಮೆಎಣ್ಣೆದ್ದು. ದೊಡ್ಡ ಇತಿಹಾಸಕಾರ."

ಅಮ್ಮ ಸಿಗಡಿ ಬಿಡಿಸುತ್ತಿದ್ದಳು. ನೀನೇ ಹೇಳು ಎಂದೆ.

"ನನಗೂ ಈಗ ಸರಿ ನೆನಪಿಲ್ಲ ಪುತಾ," ಎಂದಳು. "ನನ್ನೊಟ್ಟಿಗೆ ಕೆಲಸ ಮಾಡಿದವರು ಬರ್ತಾರೆ, ಸುಳ್ಳಾದ್ರೆ ಓದ್ಬೇಡ. ನಿಜ ಆದ್ರೆ ಮಾತ್ರ ಬಿಡ್ಬೇಡ. ಆ ಚಳಿಯಲ್ಲಿ ನನಗೆ ಇದ್ದ ಸುಖ ಆ ಬಿಸಿನೀರೊಂದೇ."

ಅವಳು ತಲೆ ಎತ್ತಲಿಲ್ಲ. ಆದರೆ ಕೈ ನಿಂತಿತ್ತು. ನಿಜವಾಗಿರಲಿ ಎಂಬ ಆಸೆ ನನಗಿಂತ ಅವಳಿಗೇ ಹೆಚ್ಚು ಎಂದು ಆಗ ತಿಳಿಯಿತು. ಅಕ್ಕನಿಗೂ ತಿಳಿದಿರಬೇಕು, ಮತ್ತೆ ವಾದಿಸದೆ ಚಹಾಕ್ಕೆ ನೀರಿಟ್ಟಳು.

ಅಮ್ಮನ ಹಳೆಯ ಸಹೋದ್ಯೋಗಿಯೊಬ್ಬರ ಗಂಡ ಅಲ್ಲಿ ಎಂಜಿನ್ ಡ್ರೈವರ್ ಆಗಿದ್ದವರು, ಈಗ ಪಾಲಕ್ಕಾಡಿನಲ್ಲಿದ್ದಾರೆ. ಮರುದಿನ ಅವರಿಗೆ ಫೋನ್ ಮಾಡಿದೆ. ನನ್ನ ನೆನಪನ್ನು ಹೇಳದೆ, ಎಂಜಿನ್ನಿನಿಂದ ನೀರು ತೆಗೆಯಲು ಆಗುತ್ತಿತ್ತೇ ಎಂದಷ್ಟೇ ಕೇಳಿದೆ. ಕಲ್ಲಿದ್ದಲಿನ ಧೂಳು ಏಳದಂತೆ ನೆನೆಸಲು ಎಂಜಿನ್ನಿನಲ್ಲಿ ಒಂದು ಕೊಳವೆ ಇತ್ತು, ಅದರಲ್ಲಿ ಬಿಸಿನೀರೇ ಬರುತ್ತಿತ್ತು ಎಂದರು. ಚಳಿಗಾಲದಲ್ಲಿ ಬೆಳಗಿನ ಸಣ್ಣ ಹಳಿಯ ರೈಲು ಹೊರಡುವ ಮೊದಲು ಡ್ರೈವರುಗಳು ನರ್ಸುಗಳ ಬಕೆಟ್ಟುಗಳನ್ನು ಅದರಿಂದಲೇ ತುಂಬಿಸಿ ಕೊಡುತ್ತಿದ್ದರಂತೆ.